ಎಡಗಾಲಿನ ಚಪ್ಪಲಿ

ಇವರು ಕೈಗಾ ಸ್ಥಾವರದ ಕೆಲಸಕ್ಕೆ ಬಸ್ಸು ಹಿಡಿಯಬೇಕಾದ್ದರಿಂದ ನಮ್ಮ ಮನೆಯಲ್ಲಿ ಬೆಳಗಾಗುವುದು ಬೆಳಕಿಗಿಂತ ಮೊದಲೇ. ಅಂದೂ ಹಾಗೆಯೇ ಎದ್ದೆ. ರಾತ್ರಿಯಿಡೀ ಹೊಯ್ದ ಮಳೆ ನಿಲ್ಲುವ ಮನಸ್ಸಿಲ್ಲದೆ ಹನಿಯುತ್ತಿತ್ತು. ಮಳೆಗಾಲದಲ್ಲಿ ಬೆಂಕಿಪೊಟ್ಟಣವನ್ನು ನಾನು ಅಕ್ಕಿ ಡಬ್ಬಿಯೊಳಗೆ ಇಡುತ್ತೇನೆ. ಹೊರಗಿಟ್ಟರೆ ಅದರ ಒರಟು ಬದಿ ತೇವ ಕುಡಿದು ಮೆತ್ತಗಾಗಿ, ಕಡ್ಡಿ ಎಷ್ಟು ಗೀರಿದರೂ ಸುಮ್ಮನೆ ಜಾರುತ್ತದೆ, ಹತ್ತಿಕೊಳ್ಳುವುದಿಲ್ಲ. ಹಿತ್ತಿಲ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಭುಜ ಕೊಟ್ಟು ದೂಡಿದಾಗ ನರಳುತ್ತ ತೆರೆಯಿತು. ಬಡಗಿಯನ್ನು ಕರೆದರೆ, "ಈಗ ಕೀಸಿದ್ರೆ ಬೇಸಿಗೆಲಿ ಹಾವು ನುಗ್ಗೂವಷ್ಟು ಸಂದಿ ಆಗ್ತದೆ, ದೀಪಾವಳಿ ತನಕ ಸುಧಾರಿಸ್ಕಳಿ," ಎನ್ನುತ್ತಾನೆ. ಪ್ರತಿ ವರ್ಷವೂ ಸುಧಾರಿಸಿಕೊಳ್ಳುತ್ತೇವೆ.

ಇವರು ಚಹಾ ಕುಡಿದು, ಟಿಫಿನ್ ಡಬ್ಬಿ ಹಿಡಿದು, ರೇನ್‌ಕೋಟಿನೊಳಗೆ ಕುತ್ತಿಗೆ ಎಳೆದುಕೊಂಡು ಬೈಕಿನಲ್ಲಿ ಹೊರಟರು. ಹೊರಡುವಾಗ ಹಿತ್ತಿಲಲ್ಲಿದ್ದ ತಮ್ಮ ತಾಯಿಯ ಕಡೆಗೊಮ್ಮೆ ನೋಡಿ, "ಆಯಿ ಇವತ್ತೂ ಹೊರಟ್ಲಾ? ಈ ಮಳೇಲಿ?" ಎಂದರು. ಹೊರಡದ ದಿನ ಯಾವುದು?

ಶೆಟಗೇರಿಯ ನಮ್ಮ ಮನೆಯ ಹಿಂದೆ ಅತ್ತೆಯ ತರಕಾರಿ ಪಟ್ಟಿ ಇದೆ. ಮಳೆಗಾಲದಲ್ಲಿ ಹೀರೆ, ಬೆಂಡೆ, ಸೌತೆ, ಬೇಲಿಯ ಬದಿಗೆ ತಾನಾಗಿ ಎದ್ದ ಕೆಸು. ಕೊಯ್ದು, ಬುಟ್ಟಿ ತುಂಬಿ, ತಲೆಯ ಮೇಲೆ ಸಿಂಬೆ ಇಟ್ಟು ಅದರ ಮೇಲೆ ಬುಟ್ಟಿ ಹೊತ್ತು, ಗದ್ದೆ ಬದುವಿನ ಹಾಳಿಯ ಮೇಲೆ ನಡೆದು, ಹಳ್ಳದ ಸಂಕ ದಾಟಿ, ದೊಡ್ಡ ರಸ್ತೆಯಲ್ಲಿ ಟೆಂಪೋ ಹತ್ತಿ ಅಂಕೋಲೆಯ ಪೇಟೆಗೆ ಹೋಗುವುದು ಅತ್ತೆಯ ದಿನ. ಅದು ಹೊಟ್ಟೆಪಾಡಿನ ಮಾತಾಗಿ ಉಳಿದಿರಲಿಲ್ಲ. ಮಗ ಸಂಬಳ ತರುತ್ತಾನೆ. ಆದರೆ ಪೇಟೆಗೆ ಹೋಗದ ಭಾನುವಾರಗಳಲ್ಲಿ ಅತ್ತೆ ಜಗಲಿಯ ಮೇಲೆ ಕೂತು, ನನ್ನ ಗಡಿಯಾರವನ್ನು ನನಗಿಂತ ಹೆಚ್ಚು ನೋಡುತ್ತಿದ್ದರು.

ಮಗಳು ಏಳನೆಯ ತರಗತಿ. ಆ ವಾರ ಅವಳಿಗೆ ವಿಜ್ಞಾನದಲ್ಲಿ ಘರ್ಷಣೆಯ ಪಾಠ. ಮನೆಯಲ್ಲಿ ಸವೆದುಹೋದ ಒಂದು ವಸ್ತುವನ್ನು ತನ್ನಿ, ಎಲ್ಲಿ ಸವೆದಿದೆ, ಯಾಕೆ ಸವೆದಿದೆ ಎಂದು ಎಲ್ಲರ ಮುಂದೆ ನಿಂತು ಹೇಳಿ ಎಂದು ಟೀಚರ್ ಹೇಳಿದ್ದರಂತೆ. ಹೇಳಿ ದಿನಗಳಾಗಿದ್ದವು. ಮಗಳಿಗೆ ನೆನಪಾದದ್ದು ಜಡೆ ಹಾಕಿಸಿಕೊಳ್ಳುವಾಗ.

"ಅಮ್ಮಾ, ಸವೆದಿದ್ದು ಏನಾದ್ರೂ ಕೊಡೇ."

"ನನ್ನನ್ನೇ ಕರ್ಕೊಂಡು ಹೋಗು."

ಹಿತ್ತಿಲಲ್ಲಿ ಬುಟ್ಟಿಗೆ ಸೌತೆಕಾಯಿ ಜೋಡಿಸುತ್ತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು: "ನನ್ನ ಕರ್ಕಂಡ್ ಹೋಗ್ ಮಗಾ. ನಿನ್ನ ಅಮ್ಮ ಕಾನ್ವೆಂಟಿನ ಮಾಲು, ಅದು ಅಷ್ಟ್ ಬೇಗ ಸವೆಯೂದಿಲ್ಲ!"

ಮಗಳು ನಗುತ್ತ ಹಿತ್ತಿಲಿಗೆ ಓಡಿದಳು. ಮೆಟ್ಟಿಲ ಮೇಲೆ ಅತ್ತೆಯ ರಬ್ಬರು ಚಪ್ಪಲಿಗಳಿದ್ದವು. ಅವನ್ನು ಕೈಗೆತ್ತಿಕೊಂಡು ಮಗುಚಿದವಳು, "ಅಮ್ಮಾ, ಇಲ್ಲಿ ಬಾ! ಇದು ನೋಡು!" ಎಂದಳು.

ಬಲಗಾಲಿನ ಚಪ್ಪಲಿ ಎಲ್ಲರ ಚಪ್ಪಲಿಯಂತೆ ಹಿಮ್ಮಡಿಯ ಕಡೆ ಸ್ವಲ್ಪ ಸವೆದಿತ್ತು. ಎಡಗಾಲಿನದು ಬೇರೆಯೇ. ಹಿಮ್ಮಡಿಯಲ್ಲಿ ಗೆರೆಗಳು ಹೊಸತರಂತೆ ಉಳಿದಿದ್ದವು. ಬೆರಳುಗಳ ಕಡೆ ಮಾತ್ರ ಹಾಳೆಯಷ್ಟು ತೆಳುವಾಗಿ, ಹೆಬ್ಬೆರಳಿನ ಕೆಳಗೆ ತೂತು ಬೀಳುವುದೊಂದು ಬಾಕಿ. ಆ ಜಾಗದ ಮೇಲೆ ಅತ್ತೆ ಕತ್ತದ ಹುರಿಯನ್ನು ಒತ್ತೊತ್ತಾಗಿ ಸುತ್ತಿ ಗಂಟು ಹಾಕಿದ್ದರು. ತೆಂಗಿನ ನಾರಿನ ಒರಟು ಹುರಿ. ಮಳೆಯಲ್ಲಿ ಹಾಳಿಯ ಮೇಲೆ ಜಾರದಿರಲೆಂದು ಗದ್ದೆಗಿಳಿಯುವವರು ಹೀಗೆ ಸುತ್ತಿಕೊಳ್ಳುವುದನ್ನು ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲೇ ನೋಡಿದ್ದೆ. ಆದರೆ ಅವರು ಎರಡೂ ಕಾಲಿಗೆ ಸುತ್ತಿಕೊಳ್ಳುತ್ತಾರೆ.

ಮಗಳಿಗೆ ಸಂಭ್ರಮ. "ಒರಟು ಜಾಸ್ತಿ ಆದ್ರೆ ಫ್ರಿಕ್ಷನ್ ಜಾಸ್ತಿ, ಜಾರೋದಿಲ್ಲ! ಪುಸ್ತಕದಲ್ಲಿ ಟಯರಿನ ಗೆರೆ ಕೊಟ್ಟಿದ್ದಾರೆ. ಅಜ್ಜಿ ಹಗ್ಗ ಕಟ್ಟಿದ್ದಾಳೆ. ಅಜ್ಜೀ, ಈ ಚಪ್ಪಲಿ ನಂಗೆ ಬೇಕು!"

"ಮತ್ತೆ ನಾನು ಪೇಟೆಗೆ ನಿನ್ನ ಬೂಟ್ಸು ಹಾಕಂಡ್ ಹೋಗ್ಲಾ?" ಅತ್ತೆ ಚಪ್ಪಲಿಯನ್ನು ಅವಳ ಕೈಯಿಂದ ಕಿತ್ತುಕೊಂಡರು. ಆಟದ ಕಿತ್ತುಕೊಳ್ಳುವಿಕೆ ಅದಾಗಿರಲಿಲ್ಲ. ಮಗಳು ಕೊನೆಗೆ ಅಂಗಳ ಗುಡಿಸಿ ಸವೆದ ಹಿಡಿಸೂಡಿಯೊಂದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಶಾಲೆಯ ಗಾಡಿ ಹತ್ತಿದಳು.

ಅವಳು ಹೋದ ಮೇಲೆ ಕೇಳಿದೆ: "ಅತ್ತೇ, ಎಡಗಾಲಿಂದು ಅಷ್ಟು ಯಾಕೆ ಸವೆದಿದೆ?"

"ಕಾಲು ಅಂದ್ಮೇಲೆ ಸವೆಯೂದೇ."

"ಬರೀ ಬೆರಳಿನ ಹತ್ರ?"

ಅತ್ತೆ ಸಿಂಬೆಯನ್ನು ತಲೆಯ ಮೇಲೆ ಎರಡು ಸಲ ಸರಿಮಾಡಿಕೊಂಡರು. "ಮಳೆ ಹಿಡ್ದ ಮೇಲೆ ಆ ಕಾಲು ಸ್ವಲ್ಪ ಜಾರ್ತದೆ. ಹುರಿ ಕಟ್ಕಂಡಿದ್ದೆ, ಆಯ್ತಲ್ಲ. ನಿನ್ನ ಗಂಡನ ಕಿವಿಗೆ ಹಾಕಬೇಡ ಮಾರಾಯ್ತಿ. ಅಂವ ಮೊದಲೇ ಪೇಟೆ ಬಿಡು, ಪೇಟೆ ಬಿಡು ಅಂತ ಬೆನ್ನು ಬಿದ್ದನೆ. ಇದೊಂದು ಸಿಕ್ರೆ ಸಾಕು ಅವಂಗೆ. ಬುಟ್ಟಿ ಎತ್ತು."

ಬುಟ್ಟಿ ಎತ್ತಿಕೊಟ್ಟೆ. ಅತ್ತೆ ಅಂಗಳ ದಾಟಿದರು. ಟಪ್ ಎಂದು ಒಂದು ಹೆಜ್ಜೆ, ಸರ್ ಎಂದು ಇನ್ನೊಂದು. ಈ ಸದ್ದನ್ನು ನಾನು ಮಳೆಗಾಲ ಶುರುವಾದಾಗಿನಿಂದ ಬೆಳಗಿನ ನಿದ್ದೆಗಣ್ಣಿನಲ್ಲಿ ಕೇಳುತ್ತ ಬಂದಿದ್ದೆ.

ಕಾರವಾರದ ಕಾನ್ವೆಂಟಿನಲ್ಲಿ ನಮಗೆ ಕೆಂಪು ಗಾರೆಯ ಉದ್ದನೆಯ ವರಾಂಡ ಇತ್ತು. ಮೇಣ ಹಾಕಿ ತಿಕ್ಕಿ ಕನ್ನಡಿಯ ಹಾಗೆ ಇಟ್ಟಿರುತ್ತಿದ್ದರು. ಕಾಲುಚೀಲದಲ್ಲಿ ಆ ತುದಿಯಿಂದ ಈ ತುದಿಗೆ ಜಾರುವುದು ನಮ್ಮ ಆಟ. ಕಾಲೆಳೆದು ನಡೆದರೆ ಸಿಸ್ಟರ್ ಬಾಗಿಲಲ್ಲಿ ನಿಂತು, ಒಳ್ಳೆಯ ಹುಡುಗಿಯರು ಕಾಲು ಎತ್ತಿ ಇಡುತ್ತಾರೆ ಎನ್ನುತ್ತಿದ್ದರು. ಕಾಲೆಳೆಯುವುದೆಂದರೆ ಸೋಮಾರಿತನ, ಮನೆಯವರು ಕಲಿಸಲಿಲ್ಲ ಎಂಬ ಅರ್ಥ. ಆ ಪಾಠ ಎಷ್ಟು ಆಳಕ್ಕಿಳಿದಿತ್ತೆಂದರೆ, ಅತ್ತೆಯ ಆ ಸದ್ದು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೊದಲು ಆಗುತ್ತಿದ್ದದ್ದು ಸಣ್ಣ ಕಿರಿಕಿರಿ.

ಅಂಗಳದ ಕೆಸರಿನಲ್ಲಿ ಹೆಜ್ಜೆ ಗುರುತುಗಳು ಬಿದ್ದಿದ್ದವು. ಬಲಗಾಲಿನದು ಅಚ್ಚೊತ್ತಿದಂತೆ, ಹಿಮ್ಮಡಿಯಿಂದ ಬೆರಳಿನವರೆಗೆ ಪೂರ್ತಿ. ಎಡಗಾಲಿನದು ಗುರುತಲ್ಲ, ಗೀರು. ಒಂದು ಗೀರು ಮುಗಿದಲ್ಲಿಂದ ಸ್ವಲ್ಪ ಮುಂದೆ ಇನ್ನೊಂದು ಗೀರು, ಯಾರೋ ಕೋಲಿನಿಂದ ಎಳೆಯುತ್ತ ಹೋದ ಹಾಗೆ.

ಅಲ್ಲೇ ನಿಂತು ನಾನೇ ನಾಲ್ಕು ಹೆಜ್ಜೆ ನಡೆದು ನೋಡಿದೆ. ನಡೆಯುವಾಗ ನಾವು ನೆಲವನ್ನು ಉಜ್ಜುವುದಿಲ್ಲ. ಪಾದ ಇಡುತ್ತೇವೆ, ಹಿಂದಕ್ಕೆ ಒತ್ತುತ್ತೇವೆ, ನೆಲ ಅದನ್ನು ಜಾರಗೊಡದೆ ಹಿಡಿದುಕೊಳ್ಳುತ್ತದೆ, ನಾವು ಮುಂದೆ ಹೋಗುತ್ತೇವೆ. ಆ ಹಿಡಿತವೂ ಘರ್ಷಣೆಯೇ. ಆದರೆ ಅದರಲ್ಲಿ ಒಂದರ ಮೇಲೊಂದು ಸರಿದಾಡುವುದು ಕಡಿಮೆ, ಸವೆತವೂ ನಿಧಾನ. ಬೇಗ ಸವೆಯುವುದು ಎಳೆದಾಗ. ಹಾಗಾದರೆ ಅತ್ತೆಯ ಎಡಗಾಲು ಜಾರುತ್ತಿರಲಿಲ್ಲ. ಜಾರಿದ್ದರೆ ಹಿಮ್ಮಡಿ ಸವೆಯಬೇಕಿತ್ತು. ಅದು ಎತ್ತಲಾಗದೆ ಎಳೆಯುತ್ತಿತ್ತು. ಎಳೆಯುವ ಕಾಲಿನ ತುದಿಗೆ ಅವರು ಒರಟು ಹುರಿ ಕಟ್ಟಿದ್ದರು.

ಬಾಗಿಲಿಗೆ ಚಿಲಕ ಹಾಕಿದೆನೋ ಇಲ್ಲವೋ, ಕೊಡೆ ಹಿಡಿದು ಓಡಿದೆ. ಹಾಳಿಯ ತುದಿಯಲ್ಲಿ ಅತ್ತೆಯ ಬುಟ್ಟಿ ಕಾಣಿಸಿತು. ಕೂಗಿದೆ. ಮಳೆಯಲ್ಲಿ ಕೇಳಿಸಲಿಲ್ಲವೋ, ಕೇಳಿಸಿಯೂ ತಿರುಗಲಿಲ್ಲವೋ. ಹಳ್ಳದ ಮೇಲಿನ ಸಂಕಕ್ಕೆ ಮರದ ಹಲಗೆ ಹಾಕಿದ್ದಾರೆ. ಬಲಗಾಲು ಹಲಗೆಯ ಮೇಲೆ ಏರಿತು. ಎಡಗಾಲು ಹಲಗೆಯ ಅಂಚಿಗೆ ಬಂತು. ಬರಿಯ ರಬ್ಬರಾಗಿದ್ದರೆ ಒದ್ದೆ ಮರದ ಮೇಲೆ ಸರಿದು ಹತ್ತಿಬಿಡುತ್ತಿತ್ತೇನೋ, ಹುರಿಯ ನಾರು ಹಲಗೆಯ ಸಿಬಿರಿಗೆ ಕಚ್ಚಿಕೊಂಡಿತು. ಕಾಲು ಅಲ್ಲೇ ನಿಂತಿತು, ಮೈ ಮುಂದೆ ಹೋಯಿತು.

ನಾನು ತಲುಪುವಾಗ ಅತ್ತೆ ಹಲಗೆಯ ಮೇಲೆ ಕೈಯೂರಿ, ಮೊಣಕಾಲ ಮೇಲೆ ಇದ್ದರು. ಕೆನ್ನೆಗೆ ಕೆಸರು, ಮೊಣಕಾಲು ತರಚಿ ರಕ್ತ. ಬುಟ್ಟಿ ಹಳ್ಳಕ್ಕೆ ಬಿದ್ದಿತ್ತು. ಸೌತೆಕಾಯಿ ಮುಳುಗಿ ಏಳುತ್ತಿದ್ದವು. ಕೆಸುವಿನ ಎಲೆಯ ಕಟ್ಟು ಮಾತ್ರ ಒಂದು ಹನಿಯನ್ನೂ ಹಿಡಿದುಕೊಳ್ಳದೆ ನೀರಿನ ಮೇಲೆ ತೇಲುತ್ತ ದೂರ ಹೋಗುತ್ತಿತ್ತು.

"ಹಿಡಿಯೇ ಅದನ್ನ! ಎಂತಾ ನನ್ನ ಮುಖ ನೋಡ್ತ ನಿಂತೆ? ಪತ್ರೊಡೆಗೆ ಅಂತ ಹೇಳಿಟ್ಟದ್ದು ಅದು."

"ಹೋಗ್ಲಿ ಬಿಡಿ ಅತ್ತೇ."

"ಹೋಗ್ಲಿ ಬಿಡಿ ಅಂತೆ," ಎಂದವರು ಏಳಲು ನೋಡಿದರು. ಎಡಗೈ ಊರಿತು, ಆದರೆ ತೋಳಿನಲ್ಲಿ ಬಲವಿರಲಿಲ್ಲ. ಆಗ ಅವರ ಮುಖದಲ್ಲಿ ಕಂಡದ್ದು ನೋವಲ್ಲ. ಸಿಕ್ಕಿಬಿದ್ದವರ ಮುಖ ಅದು.

ಮನೆಗೆ ಕರೆತಂದು, ಸೀರೆ ಬದಲಿಸಿ, ಗಾಯ ತೊಳೆದು, ಕಾರವಾರದ ಬಸ್ಸು ಹತ್ತಿಸಿದೆ. ಇವರಿಗೆ ಫೋನು ಮಾಡಲು ಹೊರಟರೆ ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಸಂಜೆ ಬಂದಾಗ ಹೇಳಿದರಾಯಿತೆಂದು ನಾನೂ ಸುಮ್ಮನಾದೆ. ಬಿಣಗಾದ ತಿರುವುಗಳಲ್ಲಿ ಬಸ್ಸು ವಾಲಿದಾಗಲೆಲ್ಲ ಅತ್ತೆ ಬಲಗೈಯಿಂದಲೇ ಕಂಬಿ ಹಿಡಿಯುತ್ತಿದ್ದರು. ಎಡಗೈ ಮಡಿಲಲ್ಲಿ, ಯಾರೋ ಮರೆತು ಇಟ್ಟು ಹೋದ ವಸ್ತುವಿನ ಹಾಗೆ ಮಲಗಿತ್ತು.

ಡಾಕ್ಟರು ವಯಸ್ಸಾದವರು. ತವರಿನಲ್ಲಿ ನಮ್ಮನ್ನೆಲ್ಲ ನೋಡುತ್ತಿದ್ದವರು. ಅತ್ತೆಯನ್ನು ಬರಿಗಾಲಲ್ಲಿ ಟೈಲ್ಸಿನ ಮೇಲೆ ಆ ಗೋಡೆಯಿಂದ ಈ ಗೋಡೆಗೆ ನಡೆಸಿದರು. ಅಲ್ಲಿ ಸದ್ದಿರಲಿಲ್ಲ. ನುಣ್ಣನೆಯ ನೆಲದ ಮೇಲೆ ಎಡಗಾಲು ಎಷ್ಟು ಸಲೀಸಾಗಿ ಸರಿಯುತ್ತಿತ್ತೆಂದರೆ, ಗೊತ್ತಿಲ್ಲದವರು ನೋಡಿದ್ದರೆ ಸರಿಯಾಗಿಯೇ ನಡೆಯುತ್ತಾರೆ ಎನ್ನಬೇಕು. ಡಾಕ್ಟರು ಗೊತ್ತಿದ್ದವರು. ಪಾದ ಮೇಲಕ್ಕೆ ಮಡಚಲು ಹೇಳಿದರು. ಬಲಪಾದ ಮಡಚಿತು. ಎಡದ್ದು ಅಲುಗಿದಂತೆ ಮಾಡಿ ಕೆಳಗೇ ಉಳಿಯಿತು. ಆಮೇಲೆ ತಲೆಯ ಸ್ಕ್ಯಾನು ಮಾಡಿಸಿ ಮಧ್ಯಾಹ್ನದವರೆಗೂ ಕೂರಿಸಿದರು.

ನನ್ನೊಡನೆ ಅವರು ಮೊದಲಿನಿಂದಲೂ ನನ್ನ ತವರಿನ ಮಾತಾದ ಕೊಂಕಣಿಯಲ್ಲೇ ಮಾತಾಡುವುದು. ಅಂದೂ ಅದರಲ್ಲೇ ಹೇಳಿದರು. ಯಾವಾಗಲೋ ಮೆದುಳಿನ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿದೆ, ನಿನ್ನ ಅತ್ತೆಗೆ ತಲೆಸುತ್ತು ಅಂತ ಅನಿಸಿ ಹೋಗಿರಬಹುದು. ಎಡಭಾಗ ಸೋತಿದೆ, ಪಾದದ ಮುಂಭಾಗ ಏಳುವುದಿಲ್ಲ. ಮಾತ್ರೆ ಕೊಡುತ್ತೇನೆ, ವ್ಯಾಯಾಮ ಹೇಳಿಕೊಡುತ್ತೇನೆ, ಮನೆಯೊಳಗೆ ಓಡಾಡಬಹುದು. ತಲೆಯ ಮೇಲೆ ಭಾರ ಮಾತ್ರ ಇನ್ನು ಬೇಡ. ಹಾಳಿ, ಸಂಕ ಬೇಡವೇ ಬೇಡ. ಮುಂದಿನ ಸಲ ಇದು ಸಣ್ಣದೇ ಆಗಬೇಕೆಂದಿಲ್ಲ.

ಅತ್ತೆ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದರು. ಹೊರಗೆ ಬಂದು ನಾನು ಕನ್ನಡದಲ್ಲಿ ಹೇಳಿದೆ: "ನರದ ಸ್ವಲ್ಪ ಅಶಕ್ತಿ ಅಂತೆ ಅತ್ತೇ. ಮಾತ್ರೆ ತಗೊಂಡ್ರೆ ಆಯ್ತು. ಸ್ವಲ್ಪ ದಿನ ರೆಸ್ಟು."

ಬಸ್ಸು ಕಾರವಾರ ಬಿಟ್ಟು, ಕಿಟಕಿಯಾಚೆ ಬೂದು ಸಮುದ್ರ ಬಂದು ಹೋಗಿ, ಅರಗಾ ದಾಟಿದ ಮೇಲೆ, ಅತ್ತೆ ಮುಂದಿನ ಸೀಟಿನ ಬೆನ್ನಿಗೆ ಹೇಳುವವರಂತೆ ಹೇಳಿದರು:

"ನಾನು ಹರೆಯದಿಂದ ಪೇಟೆಲಿ ಕೂತವಳು. ನನ್ನ ಗಿರಾಕಿಗಳು ಅರ್ಧಕ್ಕರ್ಧ ಕೊಂಕಣಿ ಮಾತಾಡೂ ಅಮ್ಮಂದಿರು. ಸೌತೆಕಾಯಿ ಚಲೋ ಅದೆ ಅಂತ ಅವರವರೇ ಕೊಂಕಣಿಲಿ ಹೇಳ್ಕಂಡು ನನ್ನ ಹತ್ರ ಕನ್ನಡದಲ್ಲಿ ಕಹಿ ಅದೆ ಅಂತ ಚೌಕಾಶಿ ಮಾಡೂವಾಗ ನಾನು ಒಳಗೊಳಗೇ ನಗ್ತಿದ್ದೆ. ನಂಗೆ ಕೊಂಕಣಿ ಬರೂದಿಲ್ಲ ಅಂತ ನಿಂಗೆ ಯಾರು ಹೇಳ್ದ್ರು?"

ಮದುವೆಯಾಗಿ ಬಂದಾಗಿನಿಂದ ನಾನು ನನ್ನ ಅಮ್ಮನೊಡನೆ ಫೋನಿನಲ್ಲಿ ಕೊಂಕಣಿಯಲ್ಲಿ ಆಡಿದ್ದೆಲ್ಲ ಒಮ್ಮೆಲೇ ತಲೆಯೊಳಗೆ ಸುಳಿದುಹೋಯಿತು.

"ಹೆದರಬೇಡ. ನೀ ಕೆಟ್ಟದ್ದು ಎಂತಾ ಹೇಳ್ಲಿಲ್ಲ," ಎಂದರು ಅತ್ತೆ. ಮತ್ತೆ, "ಭಾರ ಬೇಡ ಅಂದ. ಪೇಟೆ ಬೇಡ ಅಂತ ಅನ್ನಲಿಲ್ಲ," ಎಂದರು. ಅದು ಪ್ರಶ್ನೆ. ಬುಟ್ಟಿಯಿಲ್ಲದೆ, ಹಾಳಿಯಿಲ್ಲದೆ ಪೇಟೆ ಯಾವುದು ಎಂದು ಅವರಿಗೂ ಗೊತ್ತಿತ್ತು, ನನಗೂ. ನಾನು ಅವರ ಎಡಗೈಯನ್ನು ಹಿಡಿದುಕೊಂಡೆ. ಅಂಗೈ ಎಷ್ಟು ಒರಟಾಗಿತ್ತು. ಬೆರಳುಗಳು ನನ್ನ ಕೈಯನ್ನು ತಿರುಗಿ ಹಿಡಿಯಲು ಹೊರಟು, ಅರ್ಧದಲ್ಲೇ ಬಿಟ್ಟವು.

ನಾವು ಮನೆ ಸೇರಿದ ಸ್ವಲ್ಪ ಹೊತ್ತಿಗೆ ಮಗಳು ಬಂದಳು. ಚೀಲ ಬಿಸಾಡುವ ಮೊದಲೇ ಸುದ್ದಿ.

"ಅಜ್ಜೀ! ಹಿಡಿಸೂಡಿ ಎಲ್ಲರೂ ತಂದಿದ್ರು. ಅದಕ್ಕೆ ನಾನು ನಿನ್ನ ಹಗ್ಗದ ಚಪ್ಪಲಿ ಕಥೆ ಹೇಳಿದೆ. ಟೀಚರ್ ಚಪ್ಪಾಳೆ ಹೊಡೆಸಿದ್ರು! ಘರ್ಷಣೆ ಹೆಚ್ಚು ಮಾಡೂದಕ್ಕೆ ಇದು ಬೆಸ್ಟ್ ಉದಾಹರಣೆ ಅಂದ್ರು!"

ಅತ್ತೆ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಮೊಣಕಾಲಿಗೆ ಪಟ್ಟಿ. ಮಗಳ ಮಾತು ಆ ಪಟ್ಟಿಯ ಮೇಲೆ ಬಂದು ನಿಂತಿತು.

ಅವಳನ್ನು ಒಳಗೆ ಕರೆದು ಹೇಳಬಹುದಿತ್ತು. ಆದರೆ ಬಸ್ಸಿನ ಆ ಮಾತಿನ ನಂತರ ಅತ್ತೆಯಿಂದ ಏನನ್ನೂ ಮರೆಮಾಡುವ ಧೈರ್ಯ ನನಗಿರಲಿಲ್ಲ. ಅಲ್ಲೇ ಕೂತು, ಮಗಳ ಅಂಗೈಯನ್ನು ಒರಟು ಗೋಣಿತಾಟಿನ ಮೇಲೆ ಇಡಿಸಿದೆ. "ಒತ್ತಿ ಹಿಡಿ. ಜಾರ್ತದಾ?"

"ಇಲ್ಲ."

"ಈಗ ಕೈ ಎತ್ತದೆ ಮುಂದಕ್ಕೆ ಎಳಿ."

ಗೋಣಿತಾಟು ಸುರುಳಿಗಟ್ಟಿ ಕೈಗೆ ತಡೆಯಾಯಿತು.

"ಇಟ್ಟ ಕಾಲಿಗೆ ಹಿಡಿತ ಬೇಕು. ಆಗ ಹುರಿ ಒಳ್ಳೇದು. ಎತ್ತಿದ ಕಾಲಿಗೆ ನೆಲವೇ ತಾಗೋದಿಲ್ಲ, ಹುರಿ ಇದ್ರೂ ಒಂದೇ ಬಿಟ್ರೂ ಒಂದೇ. ಆದ್ರೆ ಎತ್ತಲಿಕ್ಕೆ ಆಗದೆ ಎಳೆಯೋ ಕಾಲಿಗೆ..."

"ಅಜ್ಜಿ ಕಾಲು ಎತ್ತಲಿಕ್ಕೆ ಆಗೋದಿಲ್ವಾ?" ಮಗಳು ಅಜ್ಜಿಯ ಕಡೆ ನೋಡಿದಳು. "ಮತ್ತೆ ನಾನು ಎಲ್ಲರ ಎದುರು ಹೇಳಿದೆನಲ್ಲ..."

"ಚಪ್ಪಾಳೆ ಸಿಕ್ತಲ್ಲ, ಇಟ್ಕ," ಎಂದರು ಅತ್ತೆ. "ನನ್ನ ಕಾಲಿಗೆ ಇಷ್ಟು ದಿನದಲ್ಲಿ ಯಾರೂ ಹೊಡೆದದ್ದಿಲ್ಲ." ಮಗಳು ಅಜ್ಜಿಯ ಎಡಗಾಲ ಹತ್ತಿರ ಕೂತು, ಹೆಬ್ಬೆರಳನ್ನು ಒಮ್ಮೆ ಮುಟ್ಟಿ, ಕೈ ಹಿಂದೆಗೆದುಕೊಂಡಳು.

ಇವರು ಬಂದಾಗ ಕತ್ತಲು ಕವಿಯುತ್ತಿತ್ತು. ಒದ್ದೆ ರೇನ್‌ಕೋಟಿನಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. ಅಮ್ಮನ ಪಕ್ಕ ಕೂತು ಬಹಳ ಮೆಲ್ಲಗೆ, "ಸಾಕು ಆಯಿ," ಎಂದರು. ಬೈದಿದ್ದರೆ ಅತ್ತೆಗೆ ಜಗಳ ಮಾಡುವುದಕ್ಕಾದರೂ ಒಂದು ದಾರಿ ಇರುತ್ತಿತ್ತು. ಮಗನ ಮೆಲ್ಲಗಿನ ಮಾತಿಗೆ ಎದುರು ಹೇಳುವುದಕ್ಕೆ ಏನಿದೆ?

"ಪಟ್ಟೀಲಿ ಕಾಯಿ ಬಲಿತು ನಿಂತದೆ," ಎಂದರು ಅತ್ತೆ. ಅಷ್ಟೇ ಅವರ ವಾದ. ಇವರು ತಲೆ ತಗ್ಗಿಸಿಕೊಂಡೇ ಇದ್ದರು. ಅತ್ತೆ ಎಡಗಾಲಿನ ಚಪ್ಪಲಿಯನ್ನು ಹತ್ತಿರಕ್ಕೆಳೆದುಕೊಂಡು ಹುರಿಯ ಗಂಟು ಬಿಚ್ಚಲು ಕೂತರು. ನೀರು ಕುಡಿದ ಗಂಟು ಬಿಗಿದಿತ್ತು. ಒಂದೇ ಕೈಯಲ್ಲಿ ಬಿಚ್ಚಲಾಗುತ್ತಿರಲಿಲ್ಲ. ನಾನು ಸಹಾಯಕ್ಕೆ ಹೋಗಬೇಕೋ ಬೇಡವೋ ತಿಳಿಯದೆ ದೀಪ ಹಚ್ಚಲು ಒಳಗೆ ಹೋದೆ.

ಹೊರಗೆ ಬರುವಾಗ ಬೇಲಿಯ ಹತ್ತಿರ ಆಚೆಮನೆಯ ಅಕ್ಕ ನಿಂತಿದ್ದಳು. ಅವಳೂ ಪೇಟೆಗೆ ತರಕಾರಿ ಒಯ್ಯುವವಳು, ಅತ್ತೆಯ ಜೊತೆಗೆ ಟೆಂಪೋದಲ್ಲಿ ಹೋಗಿಬರುವವಳು. ಒಳ್ಳೆಯ ಹೆಂಗಸು. ಬಿದ್ದ ಸುದ್ದಿ ಕೇಳಿ, ಮೊಣಕಾಲಿಗೆ ಹಚ್ಚಲು ಎಣ್ಣೆ ತಂದಿದ್ದಳು. ಬೇಲಿಯ ಮೇಲಿನಿಂದ ಬಾಟಲಿಯನ್ನು ನನ್ನ ಕೈಗೆ ಕೊಟ್ಟು, ಅತ್ತೆಯ ಕಡೆಗೊಂದು, ಮಳೆಯ ಕಡೆಗೊಂದು ದೃಷ್ಟಿ ಹಾಯಿಸಿ, ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತ ಹೊರಟವಳು, ಹೋಗುತ್ತ ಹೋಗುತ್ತಲೇ ಹೇಳಿದಳು:

"ನಾಳೆ ನಿಮ್ಮ ಸೌತೆಕಾಯಿ ಇದ್ರೆ ಕೊಡೇ ತಂಗಿ, ನನ್ನ ಬುಟ್ಟೀಲೇ ಹಾಕ್ಕಂಡ್ ಹೋಗ್ತೆ. ಪೇಟೆಲಿ ನಿನ್ನ ಅತ್ತೆ ಕೂರೂ ಜಾಗದಲ್ಲೇ ನಾನು ಕೂತ್ಕಂಡ್ರೆ ಆಯ್ತು. ನನ್ನ ಜಾಗ ಸೋರ್ತದೆ."